ನ್ಯೂಪೋರ್ಟಿನ ಒಂದು ರಾತ್ರಿ

ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ರೋಡ್ ಐಲೆಂಡ್ ಆ ದೇಶದ ರಾಜ್ಯಗಳಲ್ಲೆಲ್ಲ ವಿಸ್ತೀರ್ಣದಲ್ಲಿ ಅತ್ಯಂತ ಚಿಕ್ಕದು. ಅದರ ಕಡಲಂಚಿನಲ್ಲಿ ನ್ಯೂಪೋರ್ಟ್ ಎಂಬ ನಗರವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಕೋಟ್ಯಧೀಶರು ಬೇಸಗೆಯನ್ನು ಕಳೆಯುವುದಕ್ಕಾಗಿ ಇಲ್ಲಿ ಅರಮನೆಗಳಂತಹ ಸೌಧಗಳನ್ನು ಕಟ್ಟಿಸಿದ್ದರು. ಬಡತನದಲ್ಲಿಯೂ ದಾಸ್ಯದ ನೆನಪಿನಲ್ಲಿಯೂ ಹುಟ್ಟಿದ ಜಾಜ್ ಸಂಗೀತಕ್ಕೆ ಇಂತಹ ಊರಿನಲ್ಲಿ ಉತ್ಸವ ನಡೆಯತೊಡಗಿದುದು ವಿಚಿತ್ರವೆಂದೇ ತೋರಬಹುದು. ಆದರೆ 1954ರಲ್ಲಿ ಅಲ್ಲಿನ ಶ್ರೀಮಂತ ದಂಪತಿಗಳಾದ ಲೂಯಿ ಮತ್ತು ಎಲೇನ್ ಲೊರಿಲಾರ್ಡರ ನೆರವಿನಿಂದ ಜಾರ್ಜ್ ವೈನ್ ಎಂಬ ಸಂಗೀತಪ್ರೇಮಿ ಅದನ್ನು ಆರಂಭಿಸಿಯೇಬಿಟ್ಟರು. ಆ ಉತ್ಸವದ ಮೂರನೆಯ ವರ್ಷದಲ್ಲಿ, ಅಂದರೆ 1956ರ ಜುಲೈ 7ರ ಶನಿವಾರ ರಾತ್ರಿ, ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದ ನೀಡಿದ ಕಚೇರಿಯನ್ನು ಜಾಜ್ ರಸಿಕರು ಇಂದಿಗೂ ಮರೆತಿಲ್ಲ.

ಆ ರಾತ್ರಿಯ ವಿಶೇಷವನ್ನು ಅರಿಯಬೇಕಾದರೆ ಜಾಜ್ ಸಂಗೀತದ ಸ್ವರೂಪವನ್ನು ಸ್ವಲ್ಪ ತಿಳಿದಿರಬೇಕು. ಆಫ್ರಿಕದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರ ಸಂತತಿಯವರು ದುಡಿಮೆಯ ವೇಳೆ ಹಾಡಿದ ಹಾಡುಗಳು, ಅವರ ಚರ್ಚುಗಳ ಭಜನೆಗಳು, ಆಫ್ರಿಕದ ಲಯವೈವಿಧ್ಯ, ಯೂರೋಪಿನ ವಾದ್ಯಗಳು ಮತ್ತು ಸ್ವರಮೇಳ, ಇವೆಲ್ಲವೂ ಒಂದಾಗಿ ಬೆರೆತು ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜಾಜ್ ರೂಪುಗೊಂಡಿತು. ಅದರ ಬೇರುಗಳಲ್ಲಿ ಮುಖ್ಯವಾದದ್ದು 'ಬ್ಲೂಸ್'. ಹನ್ನೆರಡು ಮಾತ್ರಾಗುಂಪುಗಳ ಒಂದು ಸುತ್ತು, ಪ್ರತಿಯೊಂದು ಗುಂಪಿನಲ್ಲಿಯೂ ನಾಲ್ಕು ಎಣಿಕೆ, ಇದು ಬ್ಲೂಸಿನ ಸಾಮಾನ್ಯವಾದ ಕಟ್ಟು. ಸುತ್ತು ಮುಗಿದೊಡನೆ ಮತ್ತೆ ಮೊದಲಿನಿಂದ ತೊಡಗುತ್ತದೆ. ಈ ಚೌಕಟ್ಟಿನೊಳಗೆ ವಾದಕನು ಆ ಕ್ಷಣದಲ್ಲಿ ತನ್ನ ಮನಸ್ಸಿಗೆ ಹೊಳೆದುದನ್ನು ನುಡಿಸುತ್ತ ಹೋಗುತ್ತಾನೆ. ನಮ್ಮ ಸಂಗೀತದಲ್ಲಿ ಮನೋಧರ್ಮವೆಂದು ಕರೆಯುವ ಗುಣಕ್ಕೆ ಇದು ಬಹಳ ಸಮೀಪವಾದದ್ದು. ಹಾಗಾಗಿ ಜಾಜ್ ಕೃತಿಯೊಂದರ ಬರೆದಿಟ್ಟ ಸ್ವರಲಿಪಿಯನ್ನು ನೋಡಿದ ಮಾತ್ರಕ್ಕೆ ಕಚೇರಿಯನ್ನು ಕಂಡಂತಾಗಲಿಲ್ಲ. ನುಡಿಸಿದ ಗಳಿಗೆ ಕಳೆದರೆ ಆ ಸಂಗೀತವೂ ಕಳೆದುಹೋಗುತ್ತದೆ. ಧ್ವನಿಮುದ್ರಣವೊಂದೇ ಅದನ್ನು ಹಿಡಿದಿಡಬಲ್ಲದು.

ಎಡ್ವರ್ಡ್ ಕೆನಡಿ ಎಲಿಂಗ್ಟನ್ನರು ಹುಟ್ಟಿದುದು 1899ರ ಏಪ್ರಿಲ್ 29ರಂದು, ರಾಜಧಾನಿ ವಾಷಿಂಗ್ಟನ್ನಿನಲ್ಲಿ. ಬಾಲ್ಯದಿಂದಲೇ ಉಡುಗೆತೊಡುಗೆಗಳಲ್ಲಿಯೂ ನಡೆನುಡಿಗಳಲ್ಲಿಯೂ ಇದ್ದ ಠೀವಿಯನ್ನು ಕಂಡು ಗೆಳೆಯರು ಅವರನ್ನು 'ಡ್ಯೂಕ್' ಎಂದು ಕರೆದರು. ಆ ಹೆಸರೇ ಕೊನೆಯವರೆಗೂ ಉಳಿಯಿತು. 1927ರಲ್ಲಿ ಅವರ ತಂಡಕ್ಕೆ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ 'ಕಾಟನ್ ಕ್ಲಬ್'ನಲ್ಲಿ ಅವಕಾಶ ದೊರೆಯಿತು. ವೇದಿಕೆಯ ಮೇಲೆ ಕರಿಯ ಕಲಾವಿದರು, ಎದುರಿನಲ್ಲಿ ಬಿಳಿಯ ಗಿರಾಕಿಗಳು; ಕರಿಯರಿಗೆ ಪ್ರೇಕ್ಷಕರಾಗಿ ಅಲ್ಲಿ ಪ್ರವೇಶವಿರಲಿಲ್ಲವೆಂದೇ ಹೇಳಬೇಕು. ಆದರೂ ಅಲ್ಲಿಂದ ಬಿತ್ತರವಾದ ರೇಡಿಯೋ ಕಾರ್ಯಕ್ರಮಗಳು ಎಲಿಂಗ್ಟನ್ನರ ಹೆಸರನ್ನು ದೇಶದ ಮೂಲೆಮೂಲೆಗೂ ಒಯ್ದವು. ಅವರು ಕೃತಿಗಳನ್ನು ರಚಿಸುತ್ತಿದ್ದ ರೀತಿಯೇ ಬೇರೆ. ಇತರರು ತುತ್ತೂರಿಗೆಂದೋ ಕ್ಲಾರಿನೆಟ್ಟಿಗೆಂದೋ ಬರೆದರೆ ಅವರು ಆ ವಾದ್ಯವನ್ನು ಹಿಡಿದ ವ್ಯಕ್ತಿಗಾಗಿ ಬರೆಯುತ್ತಿದ್ದರು. ಇಂಥವನ ನಾದಕ್ಕೆ ಇಂಥ ಸ್ವರ, ಇಂಥವನ ಉಸಿರಿಗೆ ಇಂಥ ನಿಲುಗಡೆ ಎಂಬುದನ್ನು ಬಲ್ಲವರಾಗಿದ್ದರು. ಇದರಿಂದಾಗಿ ವಾದಕರೂ ಅವರನ್ನು ಬಿಟ್ಟು ಹೋಗಲೊಲ್ಲದಾದರು. 1927ರಲ್ಲಿ ತಂಡವನ್ನು ಸೇರಿದ ಹ್ಯಾರಿ ಕಾರ್ನಿಯವರು 1974ರವರೆಗೆ, ಅಂದರೆ ನಲವತ್ತೇಳು ವರ್ಷಗಳ ಕಾಲ, ಅವರೊಡನೆಯೇ ಇದ್ದರು.

ಎರಡನೆಯ ಮಹಾಯುದ್ಧದ ತರುವಾಯ ಕಾಲ ಬದಲಾಯಿತು. ಹದಿನೈದು ಹದಿನಾರು ಜನರ ದೊಡ್ಡ ವಾದ್ಯವೃಂದಗಳನ್ನು ಸಾಕುವುದು ಕಷ್ಟವಾಗಿ ಒಂದೊಂದೇ ಮುಚ್ಚತೊಡಗಿದವು. ಕೌಂಟ್ ಬೇಸಿಯಂತಹ ಹೆಸರಾಂತ ನಾಯಕರು ಸಹ 1950ರಲ್ಲಿ ತಮ್ಮ ತಂಡವನ್ನು ಕಿರಿದುಗೊಳಿಸಬೇಕಾಯಿತು. ಎಲಿಂಗ್ಟನ್ನರು ಮಾತ್ರ ತಮ್ಮ ಹಳೆಯ ಹಾಡುಗಳಿಂದ ಬರುತ್ತಿದ್ದ ಗೌರವಧನವನ್ನು ಸುರಿದು ತಂಡವನ್ನು ಉಳಿಸಿಕೊಂಡರು. ತಾವು ಬರೆದುದನ್ನು ಮರುದಿನವೇ ಕೇಳಬೇಕೆಂಬ ಹಂಬಲ ಅವರಿಗೆ. 1951ರಲ್ಲಿ ಜಾನಿ ಹಾಜಸ್ ಮುಂತಾದ ಹಳಬರು ಅಗಲಿದುದು ದೊಡ್ಡ ಪೆಟ್ಟಾಯಿತು. 1955ರ ಬೇಸಗೆಯಲ್ಲಂತೂ ನ್ಯೂಯಾರ್ಕಿನ ಫ್ಲಶಿಂಗಿನಲ್ಲಿ ನಡೆದ ಜಲಕ್ರೀಡೆಯ ಪ್ರದರ್ಶನವೊಂದಕ್ಕೆ ಈ ವೃಂದ ಹಿನ್ನೆಲೆ ನುಡಿಸಬೇಕಾಯಿತು. ಈಜುಗಾರರ ಕಸರತ್ತಿಗೆ ತಾಳ ಹಾಕುವ ಗತಿ ಅಂತಹ ಸಂಗೀತಕಾರನಿಗೆ ಬಂದಿತೆಂದರೆ ಲೋಕದ ಮರೆವು ಎಷ್ಟು ಬೇಗನೆಯದೆಂದು ಊಹಿಸಬಹುದು. ಅದೇ ವರ್ಷ ಹಾಜಸ್ ಮರಳಿದರು. ಮರುವರ್ಷ ಕೊಲಂಬಿಯ ಧ್ವನಿಮುದ್ರಣ ಸಂಸ್ಥೆಯೊಡನೆ ಹೊಸ ಕರಾರು ಆಯಿತು. ನ್ಯೂಪೋರ್ಟಿನ ಕಚೇರಿಯನ್ನು ಆ ಸಂಸ್ಥೆ ಮುದ್ರಿಸಿಕೊಳ್ಳುವುದೆಂದೂ ನಿಶ್ಚಯವಾಯಿತು. ಆ ಸಂದರ್ಭಕ್ಕಾಗಿಯೇ ಎಲಿಂಗ್ಟನ್ನರು ತಮ್ಮ ಆಪ್ತ ಸಹಕಾರಿ ಬಿಲ್ಲಿ ಸ್ಟ್ರೇಹಾರ್ನರೊಡನೆ ಮೂರು ಭಾಗಗಳ ಹೊಸ ಕೃತಿಯೊಂದನ್ನು ಸಿದ್ಧಪಡಿಸಿದರು.

ಅಂದು ಫ್ರೀಬಾಡಿ ಪಾರ್ಕಿನ ಬಯಲಿನಲ್ಲಿ ಕಾರ್ಯಕ್ರಮ. ಆರಂಭವೇನೂ ಶುಭಸೂಚಕವಾಗಿರಲಿಲ್ಲ. ಸಂಜೆ ವೃಂದ ಮೊದಲು ವೇದಿಕೆಯನ್ನೇರಿದಾಗ ವಾದಕರಲ್ಲಿ ಕೆಲವರು ಇನ್ನೂ ಬಂದೇ ಇರಲಿಲ್ಲ. ರಾಷ್ಟ್ರಗೀತೆಯನ್ನೂ ಒಂದೆರಡು ಕೃತಿಗಳನ್ನೂ ನುಡಿಸಿ ಇಳಿಯಬೇಕಾಯಿತು. ಆಮೇಲೆ ಬೇರೆ ಬೇರೆ ತಂಡಗಳ ಸರದಿ. ಎಲಿಂಗ್ಟನ್ನರು ಸುಮಾರು ಮೂರು ಗಂಟೆ ಕಾದರು, ಬೇಸರಗೊಂಡರು. ಮತ್ತೆ ಕರೆ ಬಂದಾಗ ನಡುರಾತ್ರಿ ಸಮೀಪಿಸಿತ್ತು. ಸಭಿಕರಲ್ಲಿ ಕೆಲವರು ಎದ್ದು ಮನೆಯ ಕಡೆಗೆ ಹೊರಟಿದ್ದರು. ಹೊಸ ಕೃತಿಯನ್ನು ನುಡಿಸಿದರು. ಜನ ಮರ್ಯಾದೆಯಿಂದ ಚಪ್ಪಾಳೆ ತಟ್ಟಿದರು, ಅಷ್ಟೆ.

ಆಗ ಎಲಿಂಗ್ಟನ್ನರು ಹತ್ತೊಂಬತ್ತು ವರ್ಷದಷ್ಟು ಹಳೆಯದಾದ ರಚನೆಯೊಂದನ್ನು ಎತ್ತಿಕೊಂಡರು. 1937ರಲ್ಲಿ ಅವರು 'ಡಿಮಿನ್ಯುಎಂಡೊ ಇನ್ ಬ್ಲೂ', 'ಕ್ರೆಸೆಂಡೊ ಇನ್ ಬ್ಲೂ' ಎಂಬ ಜೋಡಿ ಕೃತಿಗಳನ್ನು ರಚಿಸಿದ್ದರು. ಮೊದಲನೆಯ ಹೆಸರಿಗೆ ನಾದವು ಕ್ರಮವಾಗಿ ತಗ್ಗುವುದೆಂದೂ ಎರಡನೆಯದಕ್ಕೆ ಕ್ರಮವಾಗಿ ಏರುವುದೆಂದೂ ಅರ್ಥ. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲವಾದ ಕಾರಣ ಒಂದೊಂದು ಬದಿಗೆ ಒಂದೊಂದನ್ನು ಹಾಕಲಾಗಿತ್ತು. ಇಳಿಜಾರಿಗೂ ಏರಿಗೂ ನಡುವೆ ಸೇತುವೆಯಾಗಿ ಪಾಲ್ ಗೊನ್ಸಾಲ್ವಿಸರು ಒಬ್ಬರೇ ನುಡಿಸುವ ಪ್ರಯೋಗವನ್ನು ಎಲಿಂಗ್ಟನ್ನರು ಹಿಂದೆಯೂ ಮಾಡಿದ್ದುಂಟು. ಮನಸ್ಸು ಬಂದಷ್ಟು ಹೊತ್ತು ನುಡಿಸೆಂದು ಅಂದು ಅವರಿಗೆ ಹೇಳಿದರು.

ಗೊನ್ಸಾಲ್ವಿಸರು ಹೊರಗಿನವರೇನಲ್ಲ. ರೋಡ್ ಐಲೆಂಡಿನ ಪಾಟಕೆಟ್ಟಿನಲ್ಲಿ ಬೆಳೆದವರು. ಅವರ ತಂದೆತಾಯಿಗಳು ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳ ಮೂಲದವರು. 1950ರಲ್ಲಿ ಎಲಿಂಗ್ಟನ್ನರನ್ನು ಸೇರಿದ್ದ ಇವರ ವಾದ್ಯ ಟೆನರ್ ಸ್ಯಾಕ್ಸೊಫೋನ್. ಕದ್ರಿ ಗೋಪಾಲನಾಥರಿಂದಾಗಿ ಕನ್ನಡಿಗರಿಗೆ ಪರಿಚಿತವಾದುದು ಆಲ್ಟೊ ಸ್ಯಾಕ್ಸೊಫೋನ್; ಟೆನರ್ ಅದಕ್ಕಿಂತ ದೊಡ್ಡದು, ಅದರ ಧ್ವನಿಯೂ ತಗ್ಗಿನದು.

ವೃಂದದ ನಾದ ಇಳಿದು ಅಡಗಿತು. ಎಲಿಂಗ್ಟನ್ನರ ಪಿಯಾನೋ, ಜಿಮ್ಮಿ ವುಡ್ಡರ ಬಾಸ್, ಸ್ಯಾಮ್ ವುಡ್‌ಯಾರ್ಡರ ಡ್ರಮ್ಮು ಇಷ್ಟೇ ಉಳಿದವು. ಗೊನ್ಸಾಲ್ವಿಸರು ಎದ್ದು ಮುಂದೆ ಬಂದು ಕಣ್ಣು ಮುಚ್ಚಿ ನುಡಿಸಲಾರಂಭಿಸಿದರು. ಐದಾರು ಸುತ್ತುಗಳಾಗುವ ಹೊತ್ತಿಗೆ ಸಭೆಯಲ್ಲಿ ಏನೋ ಕದಲಿತು. ವೇದಿಕೆಯ ಬದಿಯಲ್ಲಿ ಕುಳಿತಿದ್ದ ಹಿರಿಯ ಡ್ರಮ್ ವಾದಕ ಜೋ ಜೋನ್ಸ್ ಸುರುಳಿ ಸುತ್ತಿದ ವೃತ್ತಪತ್ರಿಕೆಯೊಂದರಿಂದ ಹಲಗೆಯ ಅಂಚನ್ನು ಬಡಿಯುತ್ತ ಲಯವನ್ನು ಚುರುಕುಗೊಳಿಸಿದರು. ಮುಂದಿನ ಸಾಲುಗಳ ಕಡೆಯಿಂದ ಕಪ್ಪು ಉಡುಪಿನ, ಹೊಂಬಣ್ಣದ ಕೂದಲಿನ ಮಹಿಳೆಯೊಬ್ಬರು ತಮ್ಮ ಆಸನದಿಂದೆದ್ದು ಕುಣಿಯತೊಡಗಿದರು. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಕುರ್ಚಿಗಳ ಮೇಲೆ ಹತ್ತಿ ನಿಂತವರೆಷ್ಟೋ, ವೇದಿಕೆಯ ಕಡೆಗೆ ನುಗ್ಗಿದವರೆಷ್ಟೋ! ಎಲಿಂಗ್ಟನ್ನರು ಪಿಯಾನೋದ ಬಳಿಯಿಂದ ಕೂಗಿ ಹುರಿದುಂಬಿಸುತ್ತಿದ್ದರು. ಗೊನ್ಸಾಲ್ವಿಸರು ನಿಲ್ಲಿಸಿದುದು ಇಪ್ಪತ್ತೇಳನೆಯ ಸುತ್ತಿನ ಕೊನೆಗೆ. ಹನ್ನೆರಡರಂತೆ ಲೆಕ್ಕ ಹಾಕಿದರೆ 324 ಮಾತ್ರಾಗುಂಪುಗಳು, ಆರು ನಿಮಿಷಕ್ಕೂ ಹೆಚ್ಚಿನ ಅವಧಿ.

ಈ ವಾದನದಲ್ಲಿ ಬೆರಗುಗೊಳಿಸುವ ವೇಗವಿಲ್ಲ, ದುರ್ಗಮವಾದ ಸ್ವರಸಂಚಾರವೂ ಇಲ್ಲ. ಅಂದಿನ ಜಾಜ್ ವಿದ್ವಾಂಸರಲ್ಲಿ ಅದಕ್ಕಿಂತ ಸೂಕ್ಷ್ಮವಾಗಿ ನುಡಿಸಬಲ್ಲವರು ಹಲವರಿದ್ದರು. ಗೊನ್ಸಾಲ್ವಿಸರೇ ನಿಧಾನಗತಿಯ ಹಾಡುಗಳನ್ನು ಇದಕ್ಕಿಂತ ಕೋಮಲವಾಗಿ ನುಡಿಸಿದ್ದಾರೆ. ಇದರ ಬಲವಿರುವುದು ಲಯದಲ್ಲಿ. ಒಂದು ಸುತ್ತು ಮುಗಿಯುವಾಗ ಮುಂದಿನ ಸುತ್ತಿಗೆ ಕೇಳುಗನನ್ನು ನೂಕಿ ಬಿಡುವ ಒಂದು ಒತ್ತಡ ಅದರಲ್ಲಿದೆ. ಹಿಂದಿನ ಸುತ್ತಿನ ತುದಿಯನ್ನೇ ಹಿಡಿದು ಸ್ವಲ್ಪವೇ ಬದಲಿಸಿ ಮುಂದುವರಿಯುವುದರಿಂದ ಬೇಸರಕ್ಕೆ ಎಡೆಯಿಲ್ಲ. ಇನ್ನೊಂದು ಮಾತೂ ಉಂಟು. ಆ ಕಾಲಕ್ಕೆ ಹೊಸ ಪೀಳಿಗೆಯ ಜಾಜ್ ಕುಳಿತು ಕೇಳುವ ಗಂಭೀರ ಸಂಗೀತವಾಗಿ ಮಾರ್ಪಟ್ಟಿತ್ತು. ಕಾಲು ತಾನಾಗಿ ಕುಣಿಯುವ ಹಳೆಯ ಸಂತೋಷ ಅದರಲ್ಲಿ ಕಡಿಮೆಯಾಗಿತ್ತು. ಅದಕ್ಕಾಗಿ ಜನ ಹಸಿದಿದ್ದರೆಂಬುದು ಅವರಿಗೂ ಆ ರಾತ್ರಿಯವರೆಗೆ ತಿಳಿದಿರಲಾರದು.

ಗದ್ದಲ ಮಿತಿಮೀರೀತೆಂದು ಹೆದರಿದ ಜಾರ್ಜ್ ವೈನ್ ಕಚೇರಿಯನ್ನು ನಿಲ್ಲಿಸುವಂತೆ ಸನ್ನೆ ಮಾಡಿದರು. ಎಲಿಂಗ್ಟನ್ನರು ಒಪ್ಪಲಿಲ್ಲ. ಹಾಗೆ ಥಟ್ಟನೆ ನಿಲ್ಲಿಸಿದ್ದರೆ ಉದ್ವೇಗಗೊಂಡ ಸಹಸ್ರಾರು ಜನ ಏನು ಮಾಡುತ್ತಿದ್ದರೋ! ಅವರು ಜಾನಿ ಹಾಜಸ್‌ರನ್ನು ಮುಂದಕ್ಕೆ ಕರೆದು ನಿಧಾನವಾದ, ಮಧುರವಾದ ಹಾಡುಗಳನ್ನು ನುಡಿಸಿಸಿ ಸಭೆಯನ್ನು ಮೆಲ್ಲಮೆಲ್ಲನೆ ತಣಿಸಿದರು. ಐವತ್ತೇಳು ವರ್ಷದ ನಾಯಕನಿಗೆ ಜನಸಮೂಹದ ಮನಸ್ಸು ಚೆನ್ನಾಗಿ ಗೊತ್ತಿತ್ತು.

ಆಗಸ್ಟ್ 20ರ 'ಟೈಮ್' ವಾರಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ನರ ಚಿತ್ರ ಬಂದಿತು. ಅದೇ ವರ್ಷ ಹೊರಬಂದ ನ್ಯೂಪೋರ್ಟ್ ಕಚೇರಿಯ ಧ್ವನಿಮುದ್ರಿಕೆ ಅವರ ಮುದ್ರಿಕೆಗಳಲ್ಲೆಲ್ಲ ಅತ್ಯಧಿಕವಾಗಿ ಮಾರಾಟವಾಯಿತು. ತಾವು ಹುಟ್ಟಿದುದು 1956ರಲ್ಲಿ, ನ್ಯೂಪೋರ್ಟಿನಲ್ಲಿ ಎಂದು ಅವರು ಮುಂದೆ ವಿನೋದವಾಗಿ ಹೇಳುತ್ತಿದ್ದರು.

ಆದರೆ ಜನರು ಕೊಂಡುಕೊಂಡ ಆ ಮುದ್ರಿಕೆಯಲ್ಲಿ ಒಂದು ಕೊರತೆಯಿತ್ತು. ವೇದಿಕೆಯ ಮೇಲೆ ಎರಡು ಬಗೆಯ ಮೈಕ್ರೊಫೋನುಗಳಿದ್ದವು. ಕೆಲವು ಕೊಲಂಬಿಯ ಸಂಸ್ಥೆಯವು. ಉಳಿದವು ವಿದೇಶಗಳಿಗೆ ಪ್ರಸಾರ ಮಾಡುವ 'ವಾಯ್ಸ್ ಆಫ್ ಅಮೆರಿಕ' ರೇಡಿಯೋ ಸಂಸ್ಥೆಯವು. ಉತ್ಸಾಹದಲ್ಲಿ ಮುಂದೆ ಬಂದ ಗೊನ್ಸಾಲ್ವಿಸರು ರೇಡಿಯೋದ ಮೈಕ್ರೊಫೋನಿಗೆ ಮುಖ ಮಾಡಿ ನಿಂತುಬಿಟ್ಟರು! ಕೊಲಂಬಿಯದ ಮುದ್ರಣದಲ್ಲಿ ಜನರ ಆರ್ಭಟ ಜೋರಾಗಿಯೂ ಅದಕ್ಕೆ ಕಾರಣವಾದ ವಾದನ ದೂರದ ಕೋಣೆಯಿಂದ ಬರುತ್ತಿರುವಂತೆ ಕ್ಷೀಣವಾಗಿಯೂ ಕೇಳಿಸಿತು. ಇತರ ಕೃತಿಗಳಲ್ಲಿ ಕೆಲವು ಭಾಗಗಳು ತೃಪ್ತಿಕರವಾಗಿಲ್ಲವೆಂದು ಅವನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಚಪ್ಪಾಳೆಯ ಸದ್ದನ್ನು ಬೆರೆಸಿ ಸೇರಿಸಲಾಯಿತು. ವ್ಯಾಪಾರದ ದೃಷ್ಟಿಯಿಂದ ಇದು ಜಾಣತನವಿರಬಹುದು. ನ್ಯೂಪೋರ್ಟಿನ ಬಯಲಿನಲ್ಲಿ ಹುಟ್ಟಿದ ಸಂಗೀತವೆಂದು ನಂಬಿ ಕೇಳಿದವರಿಗೆ ಮಾತ್ರ ಅದು ನ್ಯಾಯವಾಗಿರಲಿಲ್ಲ. ಹೀಗಿದ್ದೂ ಜನರು ಆ ಕ್ಷೀಣ ಧ್ವನಿಗೆ ಕಿವಿಗೊಟ್ಟು, ಅದನ್ನೇ ನಾಲ್ಕು ದಶಕಗಳ ಕಾಲ ಮತ್ತೆ ಮತ್ತೆ ಕೇಳಿದರು.

ಈ ನಡುವೆ ಎಲಿಂಗ್ಟನ್ನರ ವೃಂದ ಲೋಕಸಂಚಾರ ಮಾಡಿತು. 1963ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಆಶ್ರಯದಲ್ಲಿ ಹೊರಟು ಭಾರತಕ್ಕೂ ಬಂದು ದೆಹಲಿ, ಮುಂಬಯಿ ಮೊದಲಾದ ನಗರಗಳನ್ನು ಕಂಡಿತು. ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಸುದ್ದಿ ತಲಪಿ ಪ್ರವಾಸ ಟರ್ಕಿಯಲ್ಲಿ ಅರ್ಧಕ್ಕೇ ನಿಂತಿತು. ಅಲ್ಲಿ ಕಂಡುಕೇಳಿದುದರ ನೆನಪಿನಿಂದ ಎಲಿಂಗ್ಟನ್ ಮತ್ತು ಸ್ಟ್ರೇಹಾರ್ನರು 'ಫಾರ್ ಈಸ್ಟ್ ಸ್ವೀಟ್' ಎಂಬ ಕೃತಿಮಾಲೆಯನ್ನು ರಚಿಸಿದರು. 1974ರ ಮೇ 15ರಂದು ಗೊನ್ಸಾಲ್ವಿಸರು ಲಂಡನ್ನಿನಲ್ಲಿ ತೀರಿಕೊಂಡರು. ಆಗ ಎಲಿಂಗ್ಟನ್ನರು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಮರಣಶಯ್ಯೆಯಲ್ಲಿದ್ದರು. ಆ ವಾರ್ತೆಯನ್ನು ಅವರಿಗೆ ತಿಳಿಸಲಿಲ್ಲ. ಒಂಬತ್ತು ದಿನಗಳ ತರುವಾಯ, ಮೇ 24ರಂದು, ಅವರೂ ಕಣ್ಮುಚ್ಚಿದರು.

1996ರಲ್ಲಿ 'ವಾಯ್ಸ್ ಆಫ್ ಅಮೆರಿಕ'ದ ಧ್ವನಿಸುರುಳಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹದಲ್ಲಿ ಪತ್ತೆಯಾಯಿತು. ಗೊನ್ಸಾಲ್ವಿಸರು ತಪ್ಪಾಗಿ ಆರಿಸಿಕೊಂಡ ಮೈಕ್ರೊಫೋನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಫಿಲ್ ಶಾಪ್ ಎಂಬ ಜಾಜ್ ಇತಿಹಾಸಕಾರರು ಅದನ್ನೂ ಕೊಲಂಬಿಯದ ಸುರುಳಿಯನ್ನೂ ಜೊತೆಜೊತೆಯಾಗಿ ಓಡಿಸಿ, ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಹೊಂದಿಸಿ, ಇಡೀ ಕಚೇರಿಯನ್ನು ಸ್ಟೀರಿಯೊ ರೂಪದಲ್ಲಿ ಪುನರ್ನಿರ್ಮಿಸಿದರು. ಎರಡು ಯಂತ್ರಗಳು ಬೇರೆ ಬೇರೆಯಾಗಿ ಹಿಡಿದ ನಾದವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಕೂಡಿಸುವುದು ಎಷ್ಟು ತಾಳ್ಮೆಯ ಕೆಲಸವೆಂಬುದನ್ನು ಹೇಳಬೇಕಾಗಿಲ್ಲ. ಎಲಿಂಗ್ಟನ್ನರ ಜನ್ಮಶತಾಬ್ದಿಯ ವರ್ಷವಾದ 1999ರಲ್ಲಿ ಅದು ಎರಡು ತಟ್ಟೆಗಳಾಗಿ ಹೊರಬಂದಿತು. ಅದರಲ್ಲಿ ಸ್ಯಾಕ್ಸೊಫೋನು ಜನರ ಕೂಗಿಗಿಂತ ಮುಂದೆ ಬಂದು ನಿಂತಿದೆ. ಎಲಿಂಗ್ಟನ್ನರು ಹುರಿದುಂಬಿಸುವ ದನಿಯೂ, ಏಳನೆಯ ಸುತ್ತಿನ ಸುಮಾರಿಗೆ ದೂರದಲ್ಲಿ ಮೊದಲಾಗಿ ಒಂದೊಂದೇ ಸುತ್ತಿಗೆ ಹತ್ತಿರವಾಗುತ್ತ ಬರುವ ಸಭಿಕರ ಕೋಲಾಹಲವೂ ಅದರೊಡನೆ ಕೇಳಿಬರುತ್ತವೆ.