ಕಾವಿಗೆ ಕುಳಿತ ಎಳೆಯ ಹೇಂಟೆ

ಮೊದಲ ಸಲ ಕಾವಿಗೆ ಕುಳಿತ ಹೇಂಟೆಯು ಗೂಡು ಬಿಟ್ಟು ಮೇಯಲು ಹೊರಟರೆ ಸಾಕು, ಮೊಟ್ಟೆಗಳು ಕೆಟ್ಟುಹೋದುವೆಂದು ಮನೆಯವರು ಕಳವಳಗೊಳ್ಳುವುದುಂಟು. ಈ ಭಯಕ್ಕೆ ಆಧಾರವಿದೆಯೇ? ನಾವು ವಿಚಾರಿಸಿ ನೋಡೋಣ.

ಕಾವಿನ ಕಾಲದಲ್ಲಿ ಹೇಂಟೆಯ ಎದೆಯಡಿಯ ಗರಿಗಳು ಉದುರಿ, ರಕ್ತನಾಳಗಳು ತುಂಬಿದ ಬರಿಯ ಚರ್ಮವು ಮೊಟ್ಟೆಗಳಿಗೆ ನೇರವಾಗಿ ತಗಲುತ್ತದೆ. ಆ ಶಾಖದಿಂದ ಮೊಟ್ಟೆಯ ಉಷ್ಣತೆಯು ಸುಮಾರು 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತು, ಭ್ರೂಣವು ಸುಮಾರು 21 ದಿನಗಳಲ್ಲಿ ಮರಿಯಾಗುತ್ತದೆ. ಮೊಟ್ಟೆಯೊಳಗೆ ಬಹುಭಾಗ ನೀರೇ. ನೀರಿನ ವಿಶಿಷ್ಟೋಷ್ಣವು ಅಧಿಕವಾದುದರಿಂದ ಅದು ಬೇಗನೆ ತಣಿಯದು. ಆದಕಾರಣ ತಾಯಿಯು ದಿನಕ್ಕೊಮ್ಮೆ ಕಾಲುಗಂಟೆ ಹೊರಗೆ ಹೋದರೆ ಕೇಡಿಲ್ಲ. ರಾತ್ರಿಯೆಲ್ಲ ಬಿಟ್ಟರೆ ಭ್ರೂಣವು ಉಳಿಯುವುದು ಕಷ್ಟ.

ಆದುದರಿಂದ ಎಳೆಯ ಹೇಂಟೆಯನ್ನು ಮೊದಲು ಪರೀಕ್ಷಿಸಬೇಕು. ಮರದ ಹುಸಿಮೊಟ್ಟೆಗಳ ಮೇಲೆ ಅದು ಎರಡು ಮೂರು ರಾತ್ರಿ ಕದಲದೆ ಕುಳಿತರೆ, ಕತ್ತಲಾದ ಮೇಲೆ ಅವುಗಳನ್ನು ತೆಗೆದು ನಿಜವಾದ ಮೊಟ್ಟೆಗಳನ್ನು ಒಂದೇ ಸಲಕ್ಕೆ ಇಡಬೇಕು. ಅದರ ಮೈಯಡಿ ಅಡಗುವಷ್ಟೇ ಇಡಬೇಕು. ಹೆಚ್ಚಾದರೆ, ಹೇಂಟೆಯು ಅವುಗಳನ್ನು ಹೊರಳಿಸುವಾಗ ಒಂದೊಂದೂ ಸರದಿಯಂತೆ ಹೊರಬಿದ್ದು ತಣಿಯುತ್ತದೆ.

ಕೊನೆಗೆ ಚಿಪ್ಪು ಬಿರಿಯತೊಡಗಿದಾಗ ನಾವು ಆತುರಪಡಲಾಗದು. ಚಿಪ್ಪಿನ ಒಳಪೊರೆಯಲ್ಲಿ ಆಗಲೂ ರಕ್ತ ಹರಿಯುತ್ತಿರಬಹುದು. ನೆರವಾಗಲೆಂದು ಅದನ್ನು ಸುಲಿದರೆ ಮರಿಯು ಸತ್ತೀತು.