ಆಯವ್ಯಯ ಪತ್ರದಲ್ಲಿ ಸ್ತ್ರೀಯರ ಪಾಲು

ಮನೆವಾರ್ತೆಯನ್ನು ನಡೆಸುವವರು ತಿಂಗಳ ಮೊದಲಲ್ಲಿ ಒಂದು ಲೆಕ್ಕ ಹಾಕಿಕೊಳ್ಳುತ್ತಾರೆ. ಬರುವ ಸಂಬಳವೆಷ್ಟು, ಬಾಡಿಗೆಗೆಷ್ಟು, ದಿನಸಿಗೆಷ್ಟು, ಮಕ್ಕಳ ಪುಸ್ತಕಕ್ಕೆಷ್ಟು, ಕಷ್ಟಕಾಲಕ್ಕೆಂದು ತೆಗೆದಿಡುವುದೆಷ್ಟು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ತಿಂಗಳ ಕೊನೆಗೆ ಕೈ ಬರಿದಾಗುವುದು ಖಂಡಿತ. ನಗರಪಾಲಿಕೆಯೂ ರಾಜ್ಯ ಸರಕಾರವೂ ಕೇಂದ್ರ ಸರಕಾರವೂ ವರ್ಷಕ್ಕೊಮ್ಮೆ ಇಂಥದೇ ಲೆಕ್ಕವನ್ನು ಸಿದ್ಧಪಡಿಸುತ್ತವೆ. ಅದಕ್ಕೆ ಆಯವ್ಯಯ ಪತ್ರ ಅಥವಾ ಮುಂಗಡ ಪತ್ರವೆಂದು ಹೆಸರು. ಬಜೆಟ್ ಎಂದು ಎಲ್ಲರೂ ಆಡಿಕೊಳ್ಳುವುದು ಇದನ್ನೇ. ಈ ಪತ್ರದಲ್ಲಿ ಅಂಕಿಗಳಿರುತ್ತವೆಯೇ ಹೊರತು ಮನುಷ್ಯರ ಹೆಸರುಗಳಿರುವುದಿಲ್ಲ. ಆದುದರಿಂದ ಅದು ಎಲ್ಲರಿಗೂ ಸಮಾನವೆಂದು ತೋರುತ್ತದೆ. ಆ ತೋರಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ವಿಚಾರಿಸೋಣ.

ದೂರದ ಉದಾಹರಣೆ ಬೇಡ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ನಮ್ಮ ಠಾಣೆಗೆ ರೈಲುಗಾಡಿ ಬಂದಿತು. ಅಂದಿನಿಂದ ಈ ಹಳಿಗಳ ಮೇಲೆ ಸಾರ್ವಜನಿಕ ಹಣವು ನೀರಿನಂತೆ ಹರಿದಿದೆ. ಗಾಡಿ ಎಲ್ಲರಿಗಾಗಿ ಓಡುತ್ತದೆ, ಸರಿ. ಆದರೆ ಬೆಳಗಿನ ಎಂಟು ಗಂಟೆಗೆ ಡೊಂಬಿವಲಿಯ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ, ಎಲ್ಲರಿಗಾಗಿ ಬಂದ ಗಾಡಿಯನ್ನು ಎಲ್ಲರೂ ಹತ್ತಲಾರರೆಂಬುದು ತಿಳಿಯದೆ ಇರದು. ೧೯೯೨ರಲ್ಲಿ ಮುಂಬಯಿಗೂ ಕಲ್ಯಾಣಕ್ಕೂ ನಡುವೆ ಸ್ತ್ರೀಯರಿಗೆಂದೇ ಒಂದು ಪ್ರತ್ಯೇಕ ಗಾಡಿಯನ್ನು ಓಡಿಸತೊಡಗಿದರು. ಹಳಿ ಅದೇ, ನಿಲ್ದಾಣ ಅದೇ, ಡಬ್ಬಿಗಳೂ ಅಂಥವೇ. ಹೊಸದಾಗಿ ಹುಟ್ಟಿದ್ದು ಒಂದು ಪ್ರಶ್ನೆ ಮಾತ್ರ: ಯಾರು ಹತ್ತಲಾರದೆ ಹಿಂದೆ ಉಳಿಯುತ್ತಿದ್ದಾರೆ?

ನಲ್ಲಿಯ ನೀರಿನ ವಿಷಯವೂ ಹೀಗೆಯೇ. ಮಧ್ಯಾಹ್ನ ಒಂದೇ ಗಂಟೆಯ ಹೊತ್ತು ನೀರು ಬಿಡುವುದಾದರೆ, ಕೊಡ ಹಿಡಿದು ಕಾಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ತಾಯಿ, ಇಲ್ಲವೆ ಶಾಲೆ ತಪ್ಪಿಸಿಕೊಂಡ ಮಗಳು. ನೀರಿನ ಕೊಳವೆಗೆ ಹಣ ಖರ್ಚಾಯಿತೆಂದು ಲೆಕ್ಕಪತ್ರ ಹೇಳುತ್ತದೆ; ಆ ಹುಡುಗಿಯ ಪಾಠ ತಪ್ಪಿತೆಂದು ಹೇಳುವುದಿಲ್ಲ. ಶಾಲೆಯ ಕಟ್ಟಡವು ಭವ್ಯವಾಗಿದ್ದು ಅದರಲ್ಲಿ ಬಾಗಿಲು ಭದ್ರವಾಗಿರುವ, ನೀರಿನ ಸೌಕರ್ಯವಿರುವ ಶೌಚಾಲಯವಿಲ್ಲದಿದ್ದರೆ, ಕಟ್ಟಡಕ್ಕೆ ವೆಚ್ಚ ಮಾಡಿದ ಹಣ ಹುಡುಗರನ್ನು ಮುಟ್ಟಿದಂತೆ ಹುಡುಗಿಯರನ್ನು ಮುಟ್ಟಲಿಲ್ಲವೆಂದೇ ತಿಳಿಯಬೇಕು.

ಇಂಥ ಪ್ರಶ್ನೆಗಳನ್ನು ಆಯವ್ಯಯ ಸಿದ್ಧವಾಗುವಾಗಲೇ ಕೇಳುವ ಕ್ರಮಕ್ಕೆ ಕರ್ನಾಟಕ ಸರಕಾರವು ‘ಮಹಿಳಾ ಉದ್ದೇಶಿತ ಆಯವ್ಯಯ’ ಎಂಬ ಹೆಸರನ್ನಿಟ್ಟಿದೆ. ಇದನ್ನು ಕೇಳಿ ಕೆಲವರು, ಖಜಾನೆಯ ಹಣವನ್ನು ಸ್ತ್ರೀಪುರುಷರಿಗೆ ಸರಿಪಾಲು ಮಾಡಿ ಹಂಚುವುದೆಂದು ಭಾವಿಸುತ್ತಾರೆ. ಅದು ಸರಿಯಲ್ಲ. ರಸ್ತೆಯನ್ನು ಉದ್ದಕ್ಕೆ ಸೀಳಿ ಅರ್ಧ ಕೊಡಲು ಬರುವುದೇ? ಆ ರಸ್ತೆಯಲ್ಲಿ ಸಂಜೆ ಕೆಲಸದಿಂದ ಮರಳುವ ಹೆಂಗಸಿಗೆ ದೀಪವಿದೆಯೇ ಎಂದು ಮೊದಲೇ ವಿಚಾರಿಸುವುದು, ಕೆಲಸ ಮುಗಿದ ಮೇಲೆ ಹಣ ಯಾರನ್ನು ಮುಟ್ಟಿತೆಂದು ಪರೀಕ್ಷಿಸುವುದು, ಇದೇ ಅದರ ಸಾರ.

ಈ ಕ್ರಮವನ್ನು ಮೊದಲು ಕೈಗೊಂಡ ದೇಶ ಆಸ್ಟ್ರೇಲಿಯಾ, ವರ್ಷ ೧೯೮೪. ದಕ್ಷಿಣ ಆಫ್ರಿಕದಲ್ಲಿ ೧೯೯೫ರಲ್ಲಿ ಶಾಸಕರೂ ಜನಸಂಘಟನೆಗಳೂ ಕೂಡಿ ಇದನ್ನು ಆರಂಭಿಸಿದರು. ಭಾರತದಲ್ಲಿ ೨೦೦೫-೦೬ರ ಕೇಂದ್ರ ಆಯವ್ಯಯದೊಡನೆ ಇಂಥ ಪಟ್ಟಿ ಮೊದಲ ಬಾರಿಗೆ ಪ್ರಕಟವಾಯಿತು. ಕರ್ನಾಟಕ ಸರಕಾರವು ೨೦೦೭ರಲ್ಲಿ ತನ್ನ ಆರ್ಥಿಕ ಇಲಾಖೆಯಲ್ಲಿಯೇ ಇದಕ್ಕೊಂದು ಘಟಕವನ್ನು ತೆರೆದು, ೨೦೦೭-೦೮ರಿಂದ ತನ್ನ ಪಟ್ಟಿಯನ್ನು ಹೊರಡಿಸಿತು. ಪೂರ್ಣವಾಗಿ ಸ್ತ್ರೀಯರಿಗೆಂದೇ ಇರುವ ಯೋಜನೆಗಳು ಒಂದು ವರ್ಗ. ನೂರಕ್ಕೆ ಮೂವತ್ತು ಪಾಲಿಗೆ ಕಡಮೆಯಿಲ್ಲದಂತೆ ಸ್ತ್ರೀಯರಿಗೆ ಸಲ್ಲುವ ಯೋಜನೆಗಳು ಇನ್ನೊಂದು ವರ್ಗ.

ಈ ಕಾರ್ಯದಲ್ಲಿ ಹೊರಗಿನ ನೆರವಿಗೂ ಒಂದು ಸ್ಥಾನವುಂಟು. ಶ್ರೀಮಂತ ರಾಷ್ಟ್ರಗಳೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಅಭಿವೃದ್ಧಿ ಕಾರ್ಯಗಳಿಗೆ ಹಣ ಕೊಡುತ್ತವೆ. ಇವನ್ನು ದಾನಿಗಳೆಂದು ಕರೆಯುವುದು ವಾಡಿಕೆ. ದಾನವೆಂದೊಡನೆ ಬಾವಿ, ಆಸ್ಪತ್ರೆ, ಶಾಲೆಗಳು ನಮ್ಮ ಕಣ್ಣಮುಂದೆ ಬರುತ್ತವೆ. ಆದರೆ ಕಣ್ಣಿಗೆ ಕಾಣದ ಇನ್ನೊಂದು ಬಗೆಯ ದಾನವಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ವಿಶ್ವಸಂಸ್ಥೆಯ ಮಹಿಳಾ ಅಭಿವೃದ್ಧಿ ನಿಧಿಯ ನೆರವಿನಿಂದ, ಬೆಂಗಳೂರಿನ ಒಂದು ಮಹಿಳಾ ಕೇಂದ್ರವು ಮೈಸೂರು ಮೊದಲಾದ ಕಡೆಗಳಲ್ಲಿ ಚುನಾಯಿತ ಸ್ತ್ರೀ ಪ್ರತಿನಿಧಿಗಳಿಗೆ ಆಯವ್ಯಯ ಪತ್ರವನ್ನು ಓದುವುದನ್ನು ಕಲಿಸಿತು. ಮೈಸೂರು ನಗರಪಾಲಿಕೆಯಲ್ಲಿ ಸ್ತ್ರೀಯರ ಕಾರ್ಯಕ್ರಮಗಳಿಗೆ ಹಣ ಕಡಿತವಾಗುವ ಸೂಚನೆ ಬಂದಾಗ, ಓದಲು ಕಲಿತ ಈ ಸದಸ್ಯೆಯರು ಅದನ್ನು ತಡೆದರು. ತಡೆದುದಲ್ಲದೆ ಆ ಮೊತ್ತವನ್ನು ಹೆಚ್ಚಿಸಿಕೊಂಡರು. ನೆರವಿನ ಹಣದಿಂದ ಒಂದು ನಲ್ಲಿಯೂ ಕಟ್ಟಲ್ಪಡಲಿಲ್ಲ. ಅದು ಕಟ್ಟಿದ್ದು ಪ್ರಶ್ನೆ ಕೇಳುವ ಶಕ್ತಿಯನ್ನು.

ಇದರೊಡನೆ ಬೇಕಾದುದು ಸಮನ್ವಯ, ಎಂದರೆ ಹಲವು ಕೈಗಳನ್ನು ಒಂದು ಕೆಲಸಕ್ಕೆ ಹೊಂದಿಸುವುದು. ಒಂದು ಶಾಲೆಯ ಶೌಚಾಲಯವನ್ನೇ ನೋಡಿರಿ. ಕಟ್ಟುವವರು ಒಂದು ಇಲಾಖೆಯವರು, ನೀರು ಕೊಡುವವರು ಮತ್ತೊಂದು ಇಲಾಖೆಯವರು, ಶುಚಿಗೊಳಿಸಲು ಆಳನ್ನು ನೇಮಿಸುವವರು ಬೇರೊಬ್ಬರು. ಒಬ್ಬರು ತಪ್ಪಿದರೆ ಬಾಗಿಲಿಗೆ ಬೀಗವೇ ಗತಿ. ದಾನಿಗಳೂ ಹಲವರಾದಾಗ ಒಬ್ಬೊಬ್ಬರಿಗೂ ಬೇರೆ ವರದಿ, ಬೇರೆ ಲೆಕ್ಕ. ಇದನ್ನು ಸರಿಪಡಿಸಲು ೨೦೦೫ರಲ್ಲಿ ಪ್ಯಾರಿಸ್ ನಗರದಲ್ಲಿ ಹಲವು ರಾಷ್ಟ್ರಗಳೂ ಸಂಸ್ಥೆಗಳೂ ಸೇರಿ, ನೆರವು ಪಡೆಯುವ ದೇಶದ ಯೋಜನೆಗೆ ದಾನಿಗಳೇ ಹೊಂದಿಕೊಳ್ಳಬೇಕೆಂದು ಘೋಷಿಸಿದವು. ನಮ್ಮ ರೈಲುಮಾರ್ಗದ ಮಾತಿಗೆ ಮರಳಿದರೆ, ರೈಲ್ವೆ ಮಂತ್ರಾಲಯವೂ ಮಹಾರಾಷ್ಟ್ರ ಸರಕಾರವೂ ಕೂಡಿ ೧೯೯೯ರಲ್ಲಿ ಮುಂಬಯಿ ರೈಲ್ವೆ ವಿಕಾಸ ನಿಗಮವನ್ನು ಸ್ಥಾಪಿಸಿದವು. ೨೦೦೨ರಲ್ಲಿ ವಿಶ್ವಬ್ಯಾಂಕು ಮುಂಬಯಿಯ ಸಾರಿಗೆ ಯೋಜನೆಗೆ ಸುಮಾರು ೫೪ ಕೋಟಿ ಡಾಲರುಗಳ ಸಾಲವನ್ನು ಮಂಜೂರು ಮಾಡಿತು. ದೊಡ್ಡ ಹಣ ಬರುವಲ್ಲಿ ಹೊಂದಿಸುವ ಸಂಸ್ಥೆಯೊಂದು ಇರಲೇಬೇಕೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ಎರಡು ಅಪಾಯಗಳನ್ನು ಮರೆಯಬಾರದು. ಮೊದಲನೆಯದು, ಹೊರಗಿನ ನೆರವು ನೆಂಟರಂತೆ. ಒಂದು ದಿನ ಹೊರಟುಹೋಗುತ್ತದೆ. ೧೯೮೯ರಲ್ಲಿ ಡಚ್ ಸರಕಾರದ ನೆರವಿನಿಂದ ಆರಂಭವಾದ ಮಹಿಳಾ ಸಮಖ್ಯಾ ಯೋಜನೆ ಕರ್ನಾಟಕದ ಹಳ್ಳಿಗಳಲ್ಲಿ ಬಡ ಹೆಣ್ಣುಮಕ್ಕಳ ಸಂಘಗಳನ್ನು ಕಟ್ಟಿತು. ಕಾಲಾಂತರದಲ್ಲಿ ದಾನಿಗಳು ಹಿಂದೆ ಸರಿದರು. ೨೦೧೬ರಲ್ಲಿ ಪ್ರತ್ಯೇಕ ಯೋಜನೆಯಾಗಿ ಅದು ಕೊನೆಗೊಂಡಿತು. ನೆರವು ಇರುವಾಗಲೇ ಅದರ ಕೆಲಸವನ್ನು ನಮ್ಮ ಖಜಾನೆ ಖಾಯಂ ಆಗಿ ವಹಿಸಿಕೊಳ್ಳದಿದ್ದರೆ ಕಟ್ಟಿದ್ದು ಸಡಿಲವಾಗುತ್ತದೆ. ಕರ್ನಾಟಕವು ಈ ಲೆಕ್ಕವನ್ನು ತನ್ನ ಆರ್ಥಿಕ ಇಲಾಖೆಗೇ ಒಪ್ಪಿಸಿದುದರ ವಿವೇಕ ಇಲ್ಲಿದೆ.

ಎರಡನೆಯ ಅಪಾಯ, ಕಾಗದದ ಮೇಲಿನ ಸಂತೋಷ. ಕೇಂದ್ರದ ಪಟ್ಟಿಯಲ್ಲಿ ಕೆಲವು ವರ್ಷ ಗ್ರಾಮೀಣ ವಸತಿ ಯೋಜನೆಯ ಸಂಪೂರ್ಣ ಮೊತ್ತವನ್ನು ಸ್ತ್ರೀಯರ ಪಾಲೆಂದೇ ಬರೆದರು. ಆ ಮನೆಗಳಲ್ಲಿ ಗಂಡಸರೂ ವಾಸಿಸುತ್ತಾರಲ್ಲವೇ? ೨೦೨೫-೨೬ರ ಪಟ್ಟಿಯ ಮೊತ್ತ ಸುಮಾರು ೪.೪೯ ಲಕ್ಷ ಕೋಟಿ ರೂಪಾಯಿಗಳು. ಅಂಕಿ ದೊಡ್ಡದು, ಆದರೆ ಅಂಕಿ ಬೆಳೆದ ಮಾತ್ರಕ್ಕೆ ಬದುಕು ಬೆಳೆಯಿತೆಂದು ಹೇಳಲಾಗದು.

ಇನ್ನು ನಮ್ಮ ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿಗಳಿಗೆ ಬರೋಣ. ಮಹಾರಾಷ್ಟ್ರದ ಮಹಾನಗರಪಾಲಿಕೆಗಳು ಸ್ತ್ರೀಯರ ಮತ್ತು ಮಕ್ಕಳ ಕಲ್ಯಾಣಕ್ಕೆಂದು ನೂರಕ್ಕೆ ೫ ಪಾಲನ್ನು ತೆಗೆದಿಡಬೇಕೆಂಬ ನಿಯಮವುಂಟು. ಹೊಲಿಗೆಯ ತರಗತಿ, ವಿದ್ಯಾರ್ಥಿವೇತನ ಮುಂತಾದವು ಈ ಹಣದಿಂದ ನಡೆಯಬಹುದು, ಒಳ್ಳೆಯದೇ. ಆದರೆ ಉಳಿದ ೯೫ ಪಾಲಿನ ಗತಿಯೇನು? ರಸ್ತೆ, ದೀಪ, ನೀರು, ಚರಂಡಿ, ಬಸ್ಸು, ಆಸ್ಪತ್ರೆ, ಶಾಲೆ ಎಲ್ಲವೂ ಇರುವುದು ಆ ೯೫ರಲ್ಲಿ. ಹೆಣ್ಣುಮಗಳ ದಿನದ ಹೆಚ್ಚು ಹೊತ್ತು ಕಳೆಯುವುದೂ ಇವುಗಳ ನಡುವೆಯೇ. ೫ ಪಾಲನ್ನು ಅವಳ ಕೈಗಿಟ್ಟು ೯೫ರ ವಿಷಯದಲ್ಲಿ ಅವಳನ್ನು ಕೇಳದೆ ಇದ್ದರೆ, ಊಟದ ಎಲೆಯ ತುದಿಗೆ ಉಪ್ಪು ಬಡಿಸಿ ಅನ್ನವನ್ನು ಮರೆತಂತಾಗುವುದು. ಉಪ್ಪಿನ ಲೆಕ್ಕವನ್ನಷ್ಟೇ ಅಲ್ಲ, ಅನ್ನದ ಲೆಕ್ಕವನ್ನೂ ಕೇಳುವುದೇ ಈ ವಿದ್ಯೆಯ ಉದ್ದೇಶ.

ವಿದ್ಯಾರ್ಥಿ ಮಿತ್ರರೇ, ೨೦೧೧ರಿಂದ ಈ ರಾಜ್ಯದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ನಿಮ್ಮಲ್ಲಿ ಕೆಲವರು ಮುಂದೆ ಆ ಸ್ಥಾನಗಳಲ್ಲಿ ಕುಳಿತುಕೊಳ್ಳಬಹುದು. ಎಲ್ಲರೂ ಮತದಾರರಂತೂ ಆಗುವಿರಿ. ಪ್ರತಿ ವರ್ಷವೂ ನಿಮ್ಮ ನಗರಪಾಲಿಕೆಯ ಆಯವ್ಯಯದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಗಣಿತದ ಪಾಠದಂತೆ ಎದುರಿಗಿಟ್ಟುಕೊಳ್ಳಿರಿ. ಒಂದೊಂದು ಅಂಕಿಯ ಮುಂದೆಯೂ, ಇದು ಯಾರನ್ನು ಮುಟ್ಟುತ್ತದೆ, ಯಾರು ಹಿಂದೆ ಉಳಿಯುತ್ತಾರೆ ಎಂದು ಬರೆದುಕೊಂಡು, ಮನೆಯಲ್ಲಿ ತಾಯಿಯನ್ನೂ ಅಕ್ಕತಂಗಿಯರನ್ನೂ ಕೇಳಿ ಉತ್ತರ ತುಂಬಿರಿ. ಕೂಡಿಸಿ ಕಳೆಯುವ ಲೆಕ್ಕವನ್ನು ಶಾಲೆ ಕಲಿಸಿದೆ. ಈ ಲೆಕ್ಕವನ್ನು ನೀವೇ ಮಾಡಬೇಕು.