ಮನೆಗೊಪ್ಪುವ ನಾಯಿ

ಅಮರಕೋಶದಲ್ಲಿ ನಾಯಿಗೆ ಹೇಳಿರುವ ಹೆಸರುಗಳನ್ನು ಬಿಡಿಸಿ ನೋಡಿದರೆ, ಅವುಗಳಲ್ಲಿ ಹಲವಕ್ಕೆ ನಾಯಿಯ ಕೆಲಸವೇ ಮೂಲವೆಂಬುದು ಕಂಡುಬರುವುದು. ಭಷಕವೆಂದರೆ ಬೊಗಳುವುದು, ಮೃಗದಂಶಕವೆಂದರೆ ಮೃಗವನ್ನು ಕಚ್ಚುವುದು, ಬೇಟೆಯಲ್ಲಿ ನುರಿತುದಕ್ಕೆ ವಿಶ್ವಕದ್ರುವೆಂದು ಬೇರೆಯೇ ಹೆಸರು, ಹುಚ್ಚು ಹಿಡಿದುದಕ್ಕೆ ಅಲರ್ಕವೆಂದು ಇನ್ನೊಂದು. ಕುಲಕ್ಕೆ, ಅಂದರೆ ಮನೆತನಕ್ಕೆ ಸೇರಿದುದು ಕೌಲೇಯಕ. ಈ ಶಬ್ದದ ಸಿದ್ಧಿಗಾಗಿ ಪಾಣಿನಿಯೂ ತನ್ನ ಸೂತ್ರದಲ್ಲಿ ಎಡೆಗೊಟ್ಟಿರುವನು. ನಾಯಿಯನ್ನು ಸಾಕಬೇಕೆಂದಿರುವ ಗೃಹಸ್ಥನು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಯೂ ಇದೇ ಆಗಿದೆ: ನಮ್ಮ ಮನೆಗೆ ಬೇಕಾದುದು ಯಾವ ಕೆಲಸದ ನಾಯಿ? ಈಗಿನವರು ಕೇಳುವುದಾದರೋ ಬಣ್ಣವೇನು, ಬೆಲೆಯೇನು ಎಂಬುದನ್ನು ಮಾತ್ರ.

ನಮ್ಮ ಮಂಡಿಕಲ್ಲಿನ ಸುತ್ತಣ ಗ್ರಾಮಗಳಲ್ಲಿ ಇದರ ಫಲವನ್ನು ನಾವು ಕಾಣುತ್ತಿದ್ದೇವೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಮಕ್ಕಳ ಹಟಕ್ಕೆ ಸೋತು ಮರಿಯೊಂದನ್ನು ಕೊಳ್ಳುವನು. ಆರು ತಿಂಗಳಲ್ಲಿ ಮರಿ ದೊಡ್ಡದಾಗಿ, ಮಕ್ಕಳಿಗೆ ಪರೀಕ್ಷೆ ಬಂದು, ಅದನ್ನು ಹೊರಗೆ ತಿರುಗಾಡಿಸುವವರೇ ಇಲ್ಲವಾಗುವರು. ಯುಗಾದಿಗೆ ಊರಿಗೆ ಬಂದಾಗ ಅದನ್ನು ಅಜ್ಜ ಅಜ್ಜಿಯರ ವಶಕ್ಕೆ ಬಿಟ್ಟು ಹೋಗುವರು. ಕಳೆದ ಬೇಸಗೆಯಲ್ಲಿ ಹೀಗೆ ಬಂದ ಹಸ್ಕಿ ಜಾತಿಯ ನಾಯಿಯೊಂದು ಜಗಲಿಯ ಕಲ್ಲಿನ ಮೇಲೆ ನಾಲಗೆ ಚಾಚಿ ಏದುತ್ತ ಬಿದ್ದಿದ್ದುದನ್ನು ನಾವು ನೋಡಿದೆವು. ಅದು ಸೈಬೀರಿಯದ ಹಿಮದ ಮೇಲೆ ಜಾರುಬಂಡಿ ಎಳೆಯುವುದಕ್ಕಾಗಿ ಬೆಳಸಿದ ಜಾತಿ. ಮೈಮೇಲೆ ಎರಡು ಪದರದ ತುಪ್ಪಟ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ಏದುವುದರಿಂದಲೇ ಅದು ಒಳಗಣ ಕಾವನ್ನು ಕಳೆದುಕೊಳ್ಳಬೇಕು. ಮೂಗು ಚಪ್ಪಟೆಯಾದ ಪಗ್ ಜಾತಿಗೆ ಆ ಏದುವಿಕೆಯೇ ಕಷ್ಟ. ಅತ್ತ ಎಪ್ಪತ್ತು ದಾಟಿದ ಮುದುಕರು ಅಂಥ ಬಲಿಷ್ಠ ಪ್ರಾಣಿಯ ಹಗ್ಗವನ್ನು ಹಿಡಿದು ನಡೆಯುವುದೆಂತು? ನಾಯಿಯ ಆಯುಸ್ಸು ಹತ್ತು ಹನ್ನೆರಡು ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು. ಅಷ್ಟು ಕಾಲ ಅದಕ್ಕೆ ಅನ್ನವಿಕ್ಕುವವರು ಯಾರು, ಬೆಳಿಗ್ಗೆ ಸಂಜೆ ಹೊರಗೆ ಕರೆದೊಯ್ಯುವವರು ಯಾರು ಎಂಬುದನ್ನು ಮನೆಯವರೆಲ್ಲರೂ ಕುಳಿತು, ಹೆಸರು ಹಿಡಿದು ನಿಶ್ಚಯಿಸಿದ ಮೇಲೆಯೇ ಮರಿಯನ್ನು ತರತಕ್ಕದ್ದು. ಆ ಹೆಸರು ಯಾವಾಗಲೂ ಮನೆಯ ಗೃಹಿಣಿಯದೇ ಆಗುವುದಾದರೆ, ಬೇಕು ಬೇಡವೆಂಬ ತೀರ್ಮಾನವನ್ನೂ ಆಕೆಗೇ ಬಿಡುವುದು ನ್ಯಾಯ.

ಸ್ವದೇಶದ ಜಾತಿಯೇ ಆಗಲಿ ಎನ್ನುವವರು ಮುಧೋಳದ ನಾಯಿಯ ಕಡೆಗೆ ಕೈ ತೋರುವರು. ಅದು ಕನ್ನಡನಾಡಿನ ಹೆಮ್ಮೆಯೇ ಸರಿ. ಮುಧೋಳದ ಘೋರ್ಪಡೆ ದೊರೆಗಳು ಅದನ್ನು ಪೋಷಿಸಿದರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಬೇಟೆನಾಯಿಯನ್ನು ಕನ್ನಡಿಗರು ಎಷ್ಟು ಗೌರವಿಸಿದರೆಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಆತಕೂರಿನ ಶಾಸನ. ಸುಮಾರು ಕ್ರಿ. ಶ. 949ರಲ್ಲಿ ಗಂಗರ ಬೂತುಗನಿಂದ ಮಣಲೇರನು ಬೇಡಿ ಪಡೆದ ಕಾಳಿ ಎಂಬ ನಾಯಿಯು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ವಾಚಕರು ಗಮನಿಸಬೇಕು: ಇವೆಲ್ಲವೂ ವಿಶ್ವಕದ್ರುವಿನ ಕೀರ್ತಿ. ಮುಧೋಳದ ನಾಯಿಯು ಕಣ್ಣಿಗೆ ಕಂಡುದನ್ನು ಅಟ್ಟಿಕೊಂಡು ಓಡುವ ಜಾತಿ. ದಿನವೂ ಮೈದಣಿಯೆ ಓಡುವುದಕ್ಕೆ ಅದಕ್ಕೆ ಬಯಲು ಬೇಕು. ಕೋಳಿ ಮೇಕೆಗಳಿರುವ ಹಟ್ಟಿಗೆ ಅದನ್ನು ತಂದು, ಅದು ಅವುಗಳ ಬೆನ್ನು ಹತ್ತಿತೆಂದು ಬಡಿಯುವುದು ಯಾವ ನೀತಿ? ಇನ್ನು ಎರಡು ಕೋಣೆಯ ಮಹಡಿಮನೆಯಲ್ಲಿ ಸರಪಣಿ ಹಾಕಿ ಕಟ್ಟಿಟ್ಟರಂತೂ ಅದು ಕೊರಗಿ ಕೆಡುವುದು.

ಲ್ಯಾಬ್ರಡಾರ್ ಸಾಧುಪ್ರಾಣಿ, ಮಕ್ಕಳೊಡನೆ ಹೊಂದಿಕೊಳ್ಳತಕ್ಕದ್ದು; ಆದರೆ ತಿಂಡಿಪೋತ, ಓಡಾಟ ತಪ್ಪಿದರೆ ಬೊಜ್ಜು ಬೆಳೆಯುವುದು. ಅಲ್ಸೇಷನ್ನಿಗೆ ಶಿಕ್ಷಣ ಕೊಡುವ ತಾಳ್ಮೆಯಿರುವವರೇ ಬೇಕು. ಪೊಮೇರಿಯನ್ ಎಂದು ನಮ್ಮಲ್ಲಿ ಕರೆಯುವ ಬಿಳಿಯ ಸ್ಪಿಟ್ಜ್ ನಿಜವಾದ ಭಷಕ. ಗೋಡೆಗೆ ಗೋಡೆ ಸೇರಿರುವ ಮನೆಗಳಲ್ಲಿ ನೆರೆಯವರ ಸಹನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಸೀಮೆಯ ಸಾಧಾರಣ ಸಂಸಾರಕ್ಕೆ, ರೇಷ್ಮೆಯ ಹುಳು ಸಾಕುವ ರೈತನಿಗಾಗಲಿ ತೋಟದ ಮನೆಯವನಿಗಾಗಲಿ, ಊರನಾಯಿಯ ಮರಿಯಷ್ಟು ಒಪ್ಪುವುದು ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಬಿಸಿಲು ಅದಕ್ಕೆ ಹೊಸತಲ್ಲ; ತುಪ್ಪಟ ಗಿಡ್ಡ; ಬುದ್ಧಿ ಚುರುಕು; ಬೆಲೆಯಂತೂ ಇಲ್ಲ. ಆದರೆ ಎಂಟು ವಾರವಾಗುವ ಮುನ್ನ ಮರಿಯನ್ನು ತಾಯಿಯಿಂದ ಅಗಲಿಸಲಾಗದು. ಬೇಗನೆ ಅಗಲಿಸಿದ ಮರಿ ಕಚ್ಚುವುದರಲ್ಲಿ ಮಿತಿಯನ್ನು ಕಲಿಯದು.

ಆಹಾರದ ವಿಷಯದಲ್ಲಿ ಒಂದು ಮಾತು. ಬರಿಯ ಮುದ್ದೆ, ಬರಿಯ ಅನ್ನ ನಾಯಿಗೆ ಸಾಲವು. ಮಾಂಸ ಬೇಯಿಸದ ಮನೆಯವರು ಮೊದಲೇ ಪಶುವೈದ್ಯರನ್ನು ಕೇಳಿಕೊಳ್ಳಲಿ. ಈರುಳ್ಳಿ ಹಾಕಿದ ಹುಳಿ ಅದಕ್ಕೆ ಒಳ್ಳೆಯದಲ್ಲ. ದ್ರಾಕ್ಷಿಯಂತೂ ಅದರ ಮೂತ್ರಪಿಂಡಗಳಿಗೆ ವಿಷವಾಗಬಲ್ಲುದು. ದ್ರಾಕ್ಷಿಯ ತೋಟಗಳ ನಡುವೆಯೇ ಇರುವ ನಮ್ಮ ಚಿಕ್ಕಬಳ್ಳಾಪುರದ ಕಡೆಯವರು ಇದನ್ನು ಮಕ್ಕಳಿಗೂ ತಿಳಿಸಿಡಬೇಕು. ಪಾಯಸದಲ್ಲಿನ ಒಣದ್ರಾಕ್ಷಿಯೂ ದ್ರಾಕ್ಷಿಯೇ ಅಲ್ಲವೆ!

ಅಲರ್ಕದ ಭಯವನ್ನು ಮಾತ್ರ ಯಾರೂ ಹಗುರವಾಗಿ ಎಣಿಸಬಾರದು. ಹುಚ್ಚುನಾಯಿಯ ರೋಗದ ಲಕ್ಷಣಗಳು ಮನುಷ್ಯನಲ್ಲಿ ತೋರಿದ ಬಳಿಕ ಬದುಕುವುದು ಇಲ್ಲವೆಂದೇ ಹೇಳಬೇಕು. ತೋರುವ ಮುನ್ನ ಚುಚ್ಚುಮದ್ದು ಹಾಕಿಸಿಕೊಂಡರೆ ಪ್ರಾಣ ಉಳಿಯುವುದು. ನಾಯಿ ಕಚ್ಚಿದ ಗಾಯವನ್ನು, ಪರಚಿದ ಗೀರನ್ನು ಕೂಡ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ, ಅರಿಸಿನ, ಮೆಣಸಿನ ಪುಡಿಗಳನ್ನು ಮೆತ್ತಲಾಗದು. ಸಾಕಿದ ನಾಯಿಗೆ ಮೂರು ತಿಂಗಳು ತುಂಬಿದಾಗ ಮೊದಲನೆಯ ಚುಚ್ಚುಮದ್ದು, ಬಳಿಕ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ. ಮರಿ ಮನೆಗೆ ಬಂದ ದಿನವೇ ಆ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿಟ್ಟರೆ ಮರೆವಿಗೆ ಎಡೆಯಿರದು.